ಸಂಬಳವೆಂಬ ಸಂಕೋಲೆ

ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ ಆ ಸಾಹುಕಾರರು ಊರೂರಲ್ಲಿ ಭಾಷಣ ಮಾಡಿ, ನೌಕರಿಯಲ್ಲಿ ಸುಖವಾಗಿದ್ದವರ ನಿದ್ದೆ ಕೆಡಿಸುತ್ತಿದ್ದರು. ಸಂಬಳವೆಂದರೆ ಸಂಕೋಲೆ, ಪಿಂಚಣಿಯೆಂದರೆ ಜೋಗುಳ ಎಂಬುದು ಅವರ ಉಪದೇಶದ ಸಾರ. ಹಾಗೆ ನಿದ್ದೆಗೆಟ್ಟ ಯುವಕನೊಬ್ಬ ಅವರನ್ನು ಹುಡುಕಿಕೊಂಡು ಕಚೇರಿಗೇ ಬಂದ.

"ಸಾರ್, ನಿಮ್ಮ ಭಾಷಣ ಕೇಳಿ ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟೆ. ಕರೆಂಟ್ ಆಫೀಸಲ್ಲಿ ಇಂಜಿನಿಯರ್ ಆಗಿದ್ದೆ, ಪರ್ಮನೆಂಟು. ಇನ್ನು ಸೋಲಾರ್ ಪಂಪ್ ರಿಪೇರಿ ಕಂಪನಿ ಶುರು ಮಾಡ್ತೀನಿ."

"ಭೇಷ್. ಮನೇಲಿ ಏನಂದ್ರು?"

"ಅಮ್ಮ ಮಾತು ಬಿಟ್ಟಿದ್ದಾರೆ."

"ಒಳ್ಳೇದೇ ಆಯ್ತು. ಮನೆಯವರು ಒಪ್ಪಿದ ಕೆಲಸ ಮಾಡಿ ಯಾರೂ ಉದ್ಧಾರ ಆಗಿಲ್ಲ. ಹೋಗು, ಒಂದೆರಡು ಸಲ ಪೂರ್ತಿ ಮುಳುಗಿ ಆಮೇಲೆ ಬಾ. ಮುಳುಗದವನಿಗೆ ನಾನು ದುಡ್ಡು ಹಾಕಲ್ಲ."

ಅಷ್ಟರಲ್ಲಿ ಸಾಹುಕಾರರ ಹೆಂಡತಿಯ ಫೋನ್ ಬಂತು.

"ನಾಳೆ ಮಗಳನ್ನ ನೋಡೋಕೆ ಬರೋರಿಗೆ ಬರೀ ಉಪ್ಪಿಟ್ಟು ಬೇಡ ಕಣೇ, ಊಟಾನೇ ಹಾಕಿಸು. ಹುಡುಗನ ಫೋಟೋ ನಾನ್ಯಾಕೆ ನೋಡ್ಲಿ? ಸರ್ಕಾರಿ ನೌಕರಿ, ತಿಂಗಳಾದ್ರೆ ಸಂಬಳ. ಅಷ್ಟು ಸಾಲದಾ?"

ಅವರು ಫೋನ್ ಇಡುವವರೆಗೂ ಯುವಕ ಕಾದ.

"ಸಾರ್, ನಾಳೆ ಬರಬೇಕಿರೋ ಹುಡುಗ ನಾನೇ. ಎಲ್ಲರಿಗಿಂತ ಹೆಚ್ಚು ಖುಷಿಪಡೋರು ನೀವೇ ಅಂತ ಮೊದಲು ಇಲ್ಲಿಗೆ ಬಂದೆ."

ಸಾಹುಕಾರರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಕೂತ್ಕೊಳ್ಳಿ," ಎಂದರು. "ರಾಜೀನಾಮೇನ ನಿಮ್ಮ ಸಾಹೇಬರು ಇನ್ನೂ ಓದಿಲ್ಲ ತಾನೇ?"