ಲಾಕಪ್ಪಿನ ಗೊರಕೆ

ಠಾಣೆಯ ತರಬೇತಿಯಲ್ಲಿ ಟಿ.ವಿ. ಪರದೆಯ ಡಾಕ್ಟರಮ್ಮನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಲಾಕಪ್ಪಿನವನ ಗೊರಕೆ ಅಷ್ಟು ಜೋರಾಗಿತ್ತು.

"ನಿಮ್ಮ ಕುಡುಕ ಒಳ್ಳೇ ನಿದ್ದೇಲಿದಾನೆ ಸಾರ್," ಪೇದೆಯೊಬ್ಬ ನಕ್ಕ.

"ಬಸ್‌ಸ್ಟ್ಯಾಂಡಲ್ಲಿ ಬಿದ್ದಿದ್ದ, ಎತ್ತಾಕ್ಕೊಂಡು ಬಂದೆ. ಮಲಗ್ಲಿ ಬಿಡು, ಪಾಪ." ಹೆಡ್ ಕಾನ್‌ಸ್ಟೇಬಲ್ ಚನ್ನವೀರಪ್ಪ ನಡುವಿನ ಬಾಗಿಲು ಮುಚ್ಚಿ ಬಂದು ಕುಳಿತ.

ಆಮೇಲೆ ಎಲ್ಲವನ್ನೂ ನೀಟಾಗಿ ಬರೆದುಕೊಂಡ: ಅಮಲಿನ ಮದ್ದು ಅತಿಯಾದರೆ ತುಟಿ ನೀಲಿ, ಕಣ್ಣುಪಾಪೆ ಸಾಸಿವೆಕಾಳಿನಷ್ಟು, ತಕ್ಷಣ ಮೂಗಿಗೆ ಉಸಿರು ಮರಳಿಸುವ ಸ್ಪ್ರೇ.

ಒಂದು ಗಂಟೆಯಾದ ಮೇಲೆ ಡಾಕ್ಟರಮ್ಮ, "ಮುಖ್ಯವಾದದ್ದು ಇನ್ನೊಂದಿದೆ," ಎಂದರು. "ಮದ್ದು ಅತಿಯಾದವರ ಗಂಟಲು ಸಾಯೋ ಮುಂಚೆ ಗೊರಗೊರ ಅನ್ನುತ್ತೆ. ಕುಡಿದು ಗೊರಕೆ ಹೊಡೀತಿದಾನೆ ಅಂತ ಬಿಟ್ಟುಬಿಡ್ಬೇಡಿ."

ಚನ್ನವೀರಪ್ಪ ತರಬೇತಿಗೆಂದು ಮೇಜಿನ ಮೇಲಿಟ್ಟಿದ್ದ ಸ್ಪ್ರೇ ಬಾಚಿಕೊಂಡು ಓಡಿಹೋಗಿ ಬಾಗಿಲು ತೆರೆದ.

ಗೊರಕೆ ನಿಂತಿತ್ತು.