ಗುಡ್ಡ ಕಳೆದುಕೊಂಡ ಸುರಂಗ

“ಸುರಂಗ ಆದ್ರೆ ಉಳಿಸ್ತೀವಿ. ಬರೀ ಕಲ್ಲಿನ ಕಮಾನು ಆದ್ರೆ ಸೋಮವಾರ ಬುಲ್ಡೋಜರ್ ಬರುತ್ತೆ,” ಎಂದರು ರಸ್ತೆ ಅಗಲ ಮಾಡಿಸಲು ಬಂದಿದ್ದ ಇಂಜಿನಿಯರ್ ಸಾಹೇಬರು, ಮುಖದ ತುಂಬ ಸೋಪಿನ ನೊರೆ ಮೆತ್ತಿಸಿಕೊಂಡು.

ಸುರಂಗದಣ್ಣನ ಕತ್ತಿ ಸಾಹೇಬರ ಗಂಟಲ ಹತ್ತಿರವೇ ನಿಂತುಬಿಟ್ಟಿತು. ಜಂಕ್ಷನ್ನಿನ ನಟ್ಟನಡುವೆ ನಿಂತ ಆ ಕಮಾನಿನ ಕೆಳಗೇ ಅವನ ಕ್ಷೌರದಂಗಡಿ; ಅದಕ್ಕೇ ಊರಿಗೆಲ್ಲ ಅವನು ಸುರಂಗದಣ್ಣ. ಒಂದು ಕುರ್ಚಿ, ಒಂದು ಕನ್ನಡಿ, ಮೂಲೆಯಲ್ಲಿ ಹೆಂಡತಿ ಟವೆಲ್ ಒಗೆಯುವ ಬಕೆಟ್ಟು. ಕಮಾನು ಹೋದರೆ ಸಂಸಾರ ಬೀದಿಗೆ ಬಂತೆಂದೇ ಲೆಕ್ಕ.

“ಇದು ಸುರಂಗಾನೇ ಸಾರ್! ನಮ್ಮ ತಾತ ಕಣ್ಣಾರೆ ನೋಡಿದ್ರು. ಇಲ್ಲೊಂದು ಗುಡ್ಡ ಇತ್ತು. ಅದನ್ನ ಕೊರೆದು, ಅದರ ಕಲ್ಲಲ್ಲೇ ಒಳಗೆ ಕಮಾನು ಕಟ್ಟಿದ್ರು, ರೈಲು ಬಿಟ್ರು. ಆಮೇಲೆ ಪ್ಲಾಟ್‌ಫಾರ್ಮ್ ಎತ್ತರಿಸೋಕೆ ಅಂತ ಗುಡ್ಡದ ಮಣ್ಣನ್ನೆಲ್ಲ ಹೊತ್ಕೊಂಡು ಹೋದ್ರು. ಹಳಿನೂ ಆ ಕಡೆ ಸರೀತು. ಪಾಪ, ಸುರಂಗ ಮಾತ್ರ ಇಲ್ಲೇ ಉಳ್ಕೊಂಡ್ತು.”

“ಇತ್ತು ಅಂದ್ರೆ ನಡೆಯಲ್ಲಪ್ಪ. ಸುರಂಗದ ಮೇಲೆ ಗುಡ್ಡ ಇರಬೇಕು ಅಂತ ನಿಯಮ. ಸೋಮವಾರ ಬಂದು ನೋಡ್ತೀನಿ.”

ಸಾಹೇಬರು ಹೋದದ್ದೇ ತಡ, ಸುರಂಗದಣ್ಣ ತಲೆಯ ಮೇಲೆ ಕೈಹೊತ್ತು ಗಿರಾಕಿಯ ಕುರ್ಚಿಯಲ್ಲೇ ಕುಸಿದ. ಹೆಂಡತಿ ಟವೆಲ್ ಹಿಂಡುತ್ತಲೇ ಗದರಿದಳು: “ಆಕಾಶ ಕಳಚಿ ಬಿದ್ದ ಹಾಗೆ ಕೂತ್ರಲ್ರೀ! ಗುಡ್ಡ ತಾನೇ ಕೇಳಿದ್ದು, ಕಿಡ್ನಿ ಕೇಳ್ಲಿಲ್ವಲ್ಲ? ನನ್ನ ತಮ್ಮನ ಲಾರಿ ಯಾತಕ್ಕಿದೆ?”

ಊರೆಲ್ಲ ಪೈಪಿಗೆಂದು, ಪಾಯಕ್ಕೆಂದು ಅಗೆದು ಹಾಕಿದ್ದ ಕಾಲ. ಮಣ್ಣು ಎಲ್ಲಿ ಸುರಿಯುವುದೆಂದು ತಿಳಿಯದೆ ಬೀದಿ ಬೀದಿ ಸುತ್ತುತ್ತಿದ್ದ ಭಾಮೈದನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಇಷ್ಟು ದಿನ ಎಲ್ಲಿತ್ತು ಭಾವ, ಈ ಬುದ್ಧಿ?” ಎಂದವನು ತನ್ನ ಲಾರಿಯ ಜೊತೆಗೆ ಗೆಳೆಯರ ಲಾರಿಗಳನ್ನೂ ಕರೆತಂದ. ಕಮಾನಿನ ಬಾಯಿಯಷ್ಟು ಬಿಟ್ಟು ಮೇಲೆಲ್ಲ ಸುರಿದರು ಸುರಿದರು, ಸಾಕೆಂದು ಸುರಂಗದಣ್ಣ ಕೂಗಿಕೊಂಡರೂ ಸುರಿದರು. ಭಾನುವಾರದ ಹೊತ್ತಿಗೆ ಗುಡ್ಡ ಅರ್ಧ ಜಂಕ್ಷನ್ನನ್ನು ನುಂಗಿ ಕೂತಿತ್ತು. ಅದರ ನೆತ್ತಿಯ ಮೇಲೆ ಯಾರದೋ ಮೇಕೆ. ದಾರಿಹೋಕ ಮುದುಕನೊಬ್ಬ ನಿಂತು ನೋಡಿ, ಚಿಕ್ಕಂದಿನಲ್ಲಿ ತಾನು ಇದೇ ಗುಡ್ಡದಿಂದ ಜಾರಿ ಬಿದ್ದಿದ್ದೆನೆಂದು ಮೊಣಕಾಲಿನ ಕಲೆಯನ್ನೂ ತೋರಿಸಿದ.

ಸೋಮವಾರ ಸಾಹೇಬರು ಗುಡ್ಡವನ್ನು ಸುತ್ತು ಹಾಕಿ, ಬೆವರೊರೆಸಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತರು. “ಸರಿ, ಸುರಂಗಾನೇ. ಯಾರೂ ಮುಟ್ಟೋ ಹಾಗಿಲ್ಲ.”

ಸುರಂಗದಣ್ಣನಿಗೆ ಹೋದ ಜೀವ ಬಂದಂತಾಯಿತು. ನೊರೆ ಹಚ್ಚುವ ಕೈಗೆ ಹುರುಪು ಬಂತು.

“ಆದ್ರೆ ಗುಡ್ಡ ರಸ್ತೆಗೆ ಅಡ್ಡ ಇದೆಯಲ್ಲಯ್ಯ. ಬಸ್ಸು ಹೋಗೋದು ಹೇಗೆ?”

“ತೆಗೆಸ್ತೀರಾ ಸಾರ್?” ಅವನು ಕತ್ತಿ ಎತ್ತಿಕೊಳ್ಳುತ್ತ ಕೇಳಿದ.

“ತಲೆ ಇದೆಯೇನಯ್ಯ? ಗುಡ್ಡ ತೆಗೆದ್ರೆ ಇದು ಸುರಂಗ ಹೇಗಾಗುತ್ತೆ? ಪಕ್ಕದಲ್ಲಿ ಬಸ್ಸಿಗೆ ಇನ್ನೊಂದು ಸುರಂಗ ಕೊರೀತೀವಿ.”

ಹೊರಗೆ ಲಾರಿ ನಿಲ್ಲಿಸಿದ್ದ ಭಾಮೈದ ಕಮಾನಿನೊಳಗೆ ತಲೆ ತೂರಿಸಿದ. “ಸಾರ್, ಕೊರೆದ ಮಣ್ಣು ಎಲ್ಲಿ ಸುರೀಲಿ?”

ಗಲ್ಲದ ಮೇಲೆ ಕತ್ತಿ ಓಡುತ್ತಿದ್ದುದರಿಂದ ಸಾಹೇಬರು ಬಾಯಿ ತೆರೆಯಲಿಲ್ಲ. ಬೆರಳೆತ್ತಿ ಮೇಲೆ ತೋರಿಸಿದರು.