ರೇಡಿಯೊದಲ್ಲಿ ಬಂದ ಹೆಸರು

“ಏಳು ವರ್ಷ ನಾಟಕ ಕಂಪನ್ಯಾಗ ಇದ್ದು ಪರದೆ ಹಗ್ಗ ಜಗ್ಗಾಕಷ್ಟ ಕಲ್ತಾನ ನೋಡ್ರಿ ನನ್ನ ಮಗ!” ಚಹಾದಂಗಡಿಯಲ್ಲಿ ಎಲ್ಲರೆದುರೇ ಅಪ್ಪ ಅಂದ. ಎಲ್ಲರೂ ನಕ್ಕರು.

ಯಮನೂರಪ್ಪನಿಗೆ ಮೈ ಉರಿಯಿತು. ಆ ಏಳು ವರ್ಷವೂ ಮಾಲೀಕನ ಮಗ ರಾಜನ ವೇಷ ಹಾಕಿ ಬರೀ ತುಟಿ ಆಡಿಸಿದ್ದ. ಪರದೆಯ ಹಿಂದೆ ನಿಂತು ಹಾಡಿದವನು ಯಮನೂರಪ್ಪ. ಈ ಗುಟ್ಟು ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಈಗ ಅದೇ ನಾಟಕವನ್ನು ರೇಡಿಯೊದವರು ಮಾಡಿಸಿದ್ದರು. ಒಬ್ಬೊಬ್ಬರನ್ನೇ ಮೈಕಿನ ಮುಂದೆ ಹಾಡಿಸಿ ನೋಡಿ, ರಾಜನ ಪಾತ್ರಕ್ಕೆ ಅವನನ್ನೇ ಆರಿಸಿದ್ದರು.

“ಇವತ್ತ ರೇಡಿಯೊ ಕೇಳಪ್ಪಾ, ಆಮ್ಯಾಲ ಮಾತಾಡು,” ಅಂದು ತಾನೇ ಅಂಗಡಿಯ ರೇಡಿಯೊ ಹಚ್ಚಿದ.

ಮಗ ಸತ್ತನೆಂದು ರಾಜ ಅಳುವ ಹಾಡು ಬಂತು. ಎಲ್ಲರ ಕೈಯಲ್ಲಿದ್ದ ಚಹಾ ಆರಿತು. ಅಪ್ಪ ಕಣ್ಣೊರೆಸಿಕೊಂಡ. ಕೊನೆಗೆ ರೇಡಿಯೊದಾಕೆ ಹೇಳಿದಳು: “ರಾಜನ ಪಾತ್ರದಲ್ಲಿ ಯಮನೂರಪ್ಪ.”

“ಥೂ! ಇದು ಮಾಲೀಕರ ಮಗನ ದನಿ. ಏಳು ವರ್ಷ ಕೇಳೇವಿ ನಾವು!” ಅಂಗಡಿಯವ ಎಗರಿಬಿದ್ದ. “ಅವರ ಹಾಡಿಗೆ ನಿನ್ನ ಹೆಸರು ಹಾಕಿಸಿದೇನಲೇ?”

ಯಮನೂರಪ್ಪ ಎದ್ದು ನಿಂತು ಅದೇ ಹಾಡನ್ನು ಎತ್ತಿದ. ಒಂದು ಸಾಲು ಮುಗಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಾಯಿತು, ರೇಡಿಯೊದಲ್ಲಿ ಬಂದದ್ದು ಇದೇ ದನಿ.

ಅಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ.

“ಪರದೆ ಹಿಂದ ಕುಂತು ಅವರ ದನೀನೂ ಕದ್ದೀಯೇನಲೇ?” ಅಪ್ಪ ಕೇಳಿದ.

ಯಮನೂರಪ್ಪ ರೇಡಿಯೊ ಆರಿಸಿ ಹೊರಟುಹೋದ.